ತಮ್ಮನಿಗೆ ಕೊಟ್ಟ ಗಡುವು

ಸರಕಾರಕ್ಕೆ ಮಾಲು ಒದಗಿಸುವ ಸಣ್ಣ ಕಾರ್ಖಾನೆಯವರೆಲ್ಲ ಅವಳನ್ನು ಕಲಮಕ್ಕ ಎಂದು ಕರೆಯುತ್ತಿದ್ದರು. ಮಾತೆತ್ತಿದರೆ ಕರಾರಿನ ಕಲಂ ಹದಿನಾಲ್ಕು, ಕಲಂ ಇಪ್ಪತ್ತೆರಡು ಎನ್ನುವ ಹೆಂಗಸಿಗೆ ಆ ಹೆಸರು ಅಂಟಿಕೊಳ್ಳದೆ ಇನ್ನೇನಾದೀತು? ಮೊದಮೊದಲು ಬೆನ್ನ ಹಿಂದೆ ಹೇಳುತ್ತಿದ್ದವರು ಆಮೇಲಾಮೇಲೆ ಎದುರಿಗೇ ಕರೆಯತೊಡಗಿದರು. ಅವಳೂ ಬೇಸರಪಟ್ಟುಕೊಳ್ಳಲಿಲ್ಲ.

ಕರಾರಿನ ಷರತ್ತು ಪಾಲನೆಯಾಗುವುದನ್ನು ನೋಡಿಕೊಳ್ಳಲು ಸರಕಾರದಲ್ಲಿ ನೋಂದಾಯಿಸಿಕೊಂಡಿದ್ದ ಅವಳ ಕಚೇರಿ ಒಂದು ಮುದ್ರಣಾಲಯದ ಮಹಡಿಯ ಮೇಲಿನ ಒಂಟಿ ಕೋಣೆ. ಕೆಳಗೆ ಯಂತ್ರ ಶುರುವಾದರೆ ಮೇಲೆ ಮೇಜಿನ ಕಾಲು ಗುನುಗುತ್ತಿತ್ತು. ಗೋಡೆಗೆ ಎರಡು ಕಬ್ಬಿಣದ ಬೀರು, ಬೀರು ತುಂಬ ಕಡತ. ಶಾಲೆಗೆ ಬೆಂಚು ಮಾಡುವವರು, ಪೊಲೀಸರಿಗೆ ಬೂಟು ಹೊಲಿಯುವವರು, ಆಸ್ಪತ್ರೆಗೆ ಹಾಸಿಗೆ ಬಟ್ಟೆ ನೇಯಿಸುವವರು ಟೆಂಡರ್ ಸಿಕ್ಕಿದ ಸಂಭ್ರಮ ಇಳಿಯುವ ಮೊದಲೇ ಕರಾರಿನ ಕಟ್ಟು ಹಿಡಿದುಕೊಂಡು ಅವಳ ಮೆಟ್ಟಿಲು ಹತ್ತುತ್ತಿದ್ದರು. ಯಾವ ಮಾಲಿಗೆ ಯಾವ ಪರೀಕ್ಷೆ, ಯಾವ ವರದಿ ಯಾವ ತಾರೀಖಿನೊಳಗೆ, ಬಣ್ಣ ಒಂದು ಛಾಯೆ ತಿಳಿಯಾದರೆ ಯಾರಿಗೆ ಬರೆಯಬೇಕು, ಎಲ್ಲ ಅವಳಿಗೆ ಬಾಯಿಪಾಠ. "ಎಂಬತ್ತು ಪುಟದ ಕರಾರಲ್ಲಿ ಮಾಲೀಕರು ಓದೋದು ದರ ಇರೋ ಒಂದು ಪುಟ. ಉಳಿದ ಎಪ್ಪತ್ತೊಂಬತ್ತೂ ನನ್ನ ಅನ್ನ," ಎಂದು ನಗುತ್ತಿದ್ದಳು.

ಅವಳದು ಒಂದೇ ಕಟ್ಟುನಿಟ್ಟು. ತಪ್ಪು ಗೊತ್ತಾದ ದಿನವೇ ಇಲಾಖೆಗೆ ಬರೆಯಬೇಕು, ಮಾರನೆಯ ದಿನವಲ್ಲ. ಒಮ್ಮೆ ಹಾಸಿಗೆ ಬಟ್ಟೆಯ ಮಾಲೀಕನ ಒಂದಿಡೀ ಲಾಟು ಒಂದು ಗೇಣು ಗಿಡ್ಡವಾಗಿ ಹೋಗಿತ್ತು. "ಯಾರು ಅಳೀತಾರೆ ಬಿಡಿ ಅಕ್ಕಾವ್ರೆ, ರೋಗಿಗಳು ಕಾಲು ಮಡಚಿಕೊಂಡು ಮಲಗ್ತಾರೆ," ಎಂದಿದ್ದ ಆತ. ಅವಳು ಚೀಲದಿಂದ ಬಿಳಿ ಹಾಳೆ ತೆಗೆದು ಮುಂದಿಟ್ಟು, ಅವನ ಕೈಯಲ್ಲೇ ಪತ್ರ ಬರೆಸಿ, ಅಂಚೆಗೆ ಹಾಕಿಸಿಯೇ ಎದ್ದಿದ್ದಳು. ಆತ ಎರಡು ತಿಂಗಳು ಅವಳ ಹೆಸರೆತ್ತಿದರೆ ಹಲ್ಲು ಕಡಿಯುತ್ತಿದ್ದ. ಕರಾರು ಉಳಿದಾಗ ಹಣ್ಣಿನ ಬುಟ್ಟಿ ತಂದ.

ಅವಳ ಕಕ್ಷಿದಾರರಲ್ಲಿ ಒಬ್ಬ ಅವಳ ಸ್ವಂತ ತಮ್ಮ.

ಅಪ್ಪ ಮೊದಲೇ ಇಲ್ಲವಾಗಿದ್ದ. ಅಮ್ಮ ಕಣ್ಣು ಮುಚ್ಚಿದಾಗ ಅವಳಿಗೆ ಹದಿನೆಂಟು, ತಮ್ಮನಿಗೆ ಆರು. ಅಂದಿನಿಂದ ಅವನ ತಲೆ ಬಾಚಿದವಳು, ಶಾಲೆಗೆ ಸೇರಿಸಿದವಳು, ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ ಹಾಕಿದವಳು ಅವಳೇ. ಮದುವೆಯ ಮಾತು ಬಂದಾಗಲೆಲ್ಲ "ಇವನೊಂದು ದಡ ಸೇರ್ಲಿ" ಎಂದಳು. ಅವನು ದಡ ಸೇರುವ ಹೊತ್ತಿಗೆ ಇವಳನ್ನು ಕೇಳುವವರೇ ಇರಲಿಲ್ಲ. ಅದಕ್ಕಾಗಿ ಅವಳು ಕೊರಗಿದ್ದನ್ನು ಯಾರೂ ಕಾಣಲಿಲ್ಲ. ತಮ್ಮನೂ ಅಕ್ಕನ ಮಾತು ಮೀರಿದವನಲ್ಲ. ನಲವತ್ತು ದಾಟಿದ ಮೇಲೂ ಹೊಸ ಅಂಗಿ ಕೊಂಡರೆ ಮೊದಲು ಅವಳಿಗೆ ತೋರಿಸಿ, "ಚೆನ್ನಾಗಿದ್ಯಾ ಅಕ್ಕ?" ಎಂದು ಕೇಳುತ್ತಿದ್ದ. ಅವನ ಹೆಂಡತಿ, "ಈ ಮನೇಲಿ ಅತ್ತೆ ಇಲ್ಲ ಅಂತ ಸಂಬಂಧ ಒಪ್ಪಿಕೊಂಡೆ, ಅತ್ತಿಗೆಯೇ ಇಬ್ಬರು ಅತ್ತೆಗೆ ಸಮ," ಎಂದು ತಮಾಷೆ ಮಾಡುತ್ತಿದ್ದಳು. ಮೂವರೂ ನಗುತ್ತಿದ್ದರು.

ತಮ್ಮನ ಕಾರ್ಖಾನೆ ಮಾಡುತ್ತಿದ್ದದ್ದು ವಿದ್ಯುತ್ ಇಲಾಖೆಯ ಲೈನ್‌ಮನ್‌ಗಳು ಹಾಕಿಕೊಳ್ಳುವ ರಬ್ಬರ್ ಗ್ಲೌಸು. ಉದ್ದನೆಯ ಶೆಡ್ಡಿನಲ್ಲಿ ಪಿಂಗಾಣಿಯ ಕೈಗಳು ಸಾಲಾಗಿ ರಬ್ಬರ್ ಹಾಲಿನಲ್ಲಿ ಮುಳುಗಿ, ಎದ್ದು, ಒಲೆಯೊಳಗೆ ಹೋಗಿ ಬರುತ್ತಿದ್ದವು. ಕೊನೆಗೆ ಪರೀಕ್ಷೆ. ಗ್ಲೌಸಿನೊಳಗೆ ನೀರು ತುಂಬಿ, ನೀರಿನ ತೊಟ್ಟಿಯಲ್ಲಿ ಇಳಿಬಿಟ್ಟು, ಒಳಗಿನ ನೀರಿಗೆ ಭಾರಿ ವಿದ್ಯುತ್ ಕೊಡುತ್ತಿದ್ದರು. ಕೂದಲೆಳೆಯಷ್ಟು ತೂತಿದ್ದರೂ ಮೀಟರಿನ ಮುಳ್ಳು ಚಿಮ್ಮುತ್ತಿತ್ತು. ಒಂದೊಂದು ಗ್ಲೌಸೂ ಹೀಗೆ ಪರೀಕ್ಷೆಯಾಗಿ, ಅಂಕಿ ದಾಖಲಾಗಿ, ಮೊಹರು ಬಿದ್ದ ಮೇಲೆಯೇ ಹೊರಗೆ ಹೋಗಬೇಕು ಎನ್ನುವುದು ಕರಾರು. ಮೂರು ತಿಂಗಳಿಗೊಮ್ಮೆ ಅವಳು ಬಂದು, ಎಲ್ಲ ಕಲಮಿನಂತೆಯೇ ನಡೆದಿದೆ ಎಂದು ಇಲಾಖೆಗೆ ಹೋಗುವ ಪತ್ರಕ್ಕೆ ಸಹಿ ಹಾಕುತ್ತಿದ್ದಳು.

ಆ ಗುರುವಾರವೂ ಹಾಗೆಯೇ ಬಂದಳು. ತಮ್ಮನ ಕೋಣೆಯಲ್ಲಿ ಕೂತು ಪರೀಕ್ಷೆಯ ಪುಸ್ತಕ ತಿರುವುತ್ತಿದ್ದವಳ ಬೆರಳು ಒಂದು ಪುಟದಲ್ಲಿ ನಿಂತಿತು. ನಿಜವಾದ ಅಂಕಿಗಳು ಕುರಿಮಂದೆಯ ಹಾಗೆ, ಒಂದು ಅಲ್ಲಿ ಒಂದು ಇಲ್ಲಿ. ಈ ಪುಟದಲ್ಲಿ ಅವು ಪ್ರಾರ್ಥನೆಗೆ ನಿಂತ ಶಾಲೆಯ ಮಕ್ಕಳ ಹಾಗೆ ಸಾಲು ಹಿಡಿದು ನಿಂತಿದ್ದವು. ಐದನೇ ತಾರೀಖಿನಿಂದ ಹನ್ನೆರಡರವರೆಗೆ ಒಂದೇ ಶಾಯಿ, ಒಂದೇ ಕೈ. ಅವಳು ಕಾವಲುಗಾರನ ಹತ್ತಿರ ಗೇಟ್ ಪಾಸ್ ಪುಸ್ತಕ ತರಿಸಿದಳು. ಪರೀಕ್ಷೆಯ ಯಂತ್ರದ ಟ್ರಾನ್ಸ್‌ಫಾರ್ಮರ್ ನಾಲ್ಕನೇ ತಾರೀಖು ರಿಪೇರಿಗೆ ಹೊರಗೆ ಹೋಗಿತ್ತು. ವಾಪಸ್ ಬಂದದ್ದು ಹದಿಮೂರಕ್ಕೆ.

ತಮ್ಮ ಒಳಗೆ ಬಂದಾಗ ಎರಡೂ ಪುಸ್ತಕ ಮೇಜಿನ ಮೇಲೆ ತೆರೆದೇ ಇದ್ದವು.

"ಈ ಎಂಟು ದಿನ ಪರೀಕ್ಷೆ ಮಾಡಿದ್ದು ಯಾವುದರಲ್ಲೋ?" ಅವಳು ಕೇಳಿದಳು.

ಅವನು ಬಾಗಿಲು ಮುಂದೆ ಮಾಡಿದ. ಕೂರಲಿಲ್ಲ.

"ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯ್ತು ಅಕ್ಕ. ರಿಪೇರಿಯವನು ನಾಳೆ ಕೊಡ್ತೀನಿ ನಾಳೆ ಕೊಡ್ತೀನಿ ಅಂತ ಒಂಬತ್ತು ದಿನ ಮಾಡ್ದ. ಮಾಲು ಕಳಿಸೋ ದಿನ ಬಂದುಬಿಡ್ತು."

"ನನಗೊಂದು ಮಾತು ಹೇಳಬಾರದಿತ್ತಾ? ಗಡುವು ಮುಂದಕ್ಕೆ ಹಾಕಿ ಅಂತ ಕೇಳಬಹುದಿತ್ತು."

"ಈ ವರ್ಷ ಆಗಲೇ ಒಂದ್ಸಲ ಕೇಳಿದ್ವಿ. ಎರಡನೇ ಸಲ ಕೇಳಿದ್ರೆ ಕರಾರೇ ರದ್ದಾಗಬಹುದು ಅಂತ ನೀನೇ ಓದಿ ಹೇಳಿದ್ದೆ. ಮೂವತ್ತೆಂಟು ಜನ ಇದಾರೆ ಅಕ್ಕ ಶೆಡ್ಡಲ್ಲಿ."

ಹೌದು, ಅವಳೇ ಓದಿ ಹೇಳಿದ್ದಳು. ಬೆರಳಿಟ್ಟು, ಎರಡು ಸಲ.

"ಎಷ್ಟು ಜೊತೆ ಹೋಗಿದೆ?"

"ಆರುನೂರಿಪ್ಪತ್ತು. ಆರು ವರ್ಷದಲ್ಲಿ ನಮ್ಮಲ್ಲಿ ಸಾವಿರಕ್ಕೆ ನಾಲ್ಕೈದು ಫೇಲಾದ್ರೆ ಹೆಚ್ಚು, ನಿಂಗೊತ್ತು."

"ಆ ನಾಲ್ಕೈದನ್ನ ಹಿಡಿಯೋಕೆ ತಾನೆ ಕಣೋ ಪರೀಕ್ಷೆ ಇರೋದು."

ಬೇರೆ ಯಾವ ಮಾಲೀಕನಾಗಿದ್ದರೂ ಅಷ್ಟು ಹೊತ್ತಿಗೆ ಅವಳ ಚೀಲದಿಂದ ಬಿಳಿ ಹಾಳೆ ಹೊರಬಂದಿರುತ್ತಿತ್ತು. ಅವಳ ಕೈ ಚೀಲದವರೆಗೆ ಹೋಯಿತು ಕೂಡ. ಆಗ ಅವನು ಎದುರಿನ ಕುರ್ಚಿಯಲ್ಲಿ ಕುಸಿದು ಕೂತು, ಚಿಕ್ಕಂದಿನಲ್ಲಿ ಏನಾದರೂ ಒಡೆದಾಗ ಕೇಳುತ್ತಿದ್ದ ಅದೇ ದನಿಯಲ್ಲಿ ಕೇಳಿದ.

"ಸೋಮವಾರದವರೆಗೆ ಬಿಡು ಅಕ್ಕ. ಮಾಲು ಹೋಗಿರೋದು ಐದೇ ಡಿಪೋಗೆ. ನಾನೇ ವ್ಯಾನ್ ತಗೊಂಡು ಹೋಗಿ ಹಳೇ ಮಾಲು ಎತ್ಕೊಂಡು, ಪರೀಕ್ಷೆ ಆಗಿರೋ ಹೊಸದು ಕೊಟ್ಟು ಬರ್ತೀನಿ. ಸೋಮವಾರ ನೀನು ಹೇಳಿದ ಹಾಗೆ ಬರ್ಕೊಡ್ತೀನಿ. ಒಂದು ತೂತೂ ಇಲ್ಲದೆ ಸರಿ ಮಾಡಿದೀವಿ ಅಂತ ತೋರಿಸಿದ್ರೆ ದಂಡ ಹಾಕಿ ಬಿಟ್ಟಾರು. ಇವತ್ತು ಬರೆದ್ರೆ ಗೇಟಿಗೆ ಬೀಗ."

ತಪ್ಪು ಎಂದು ಅವಳಿಗೆ ಗೊತ್ತಿತ್ತು. ಇಪ್ಪತ್ತೈದು ವರ್ಷ ಊರವರಿಗೆಲ್ಲ ಹೇಳಿದ್ದು ಇದನ್ನೇ. ಆದರೆ ಎದುರಿಗೆ ಕೂತವನು ಊರವನಲ್ಲ. ಅವನ ಕಿವಿಯ ಮೇಲೆ ನರೆ ಬಂದಿದ್ದನ್ನು ಅವಳು ಅವತ್ತೇ ನೋಡಿದಳು.

"ಸೋಮವಾರ," ಎಂದಳು. "ಒಂದು ಗಂಟೆ ಹೆಚ್ಚಿಲ್ಲ."

ಅವನು ಕೊಟ್ಟ ಮಾತಿಗೆ ತಪ್ಪಲಿಲ್ಲ. ಶುಕ್ರವಾರ, ಶನಿವಾರ ಎರಡೂ ದಿನ ಚಾಲಕನನ್ನೂ ಕರೆದುಕೊಳ್ಳದೆ ತಾನೇ ವ್ಯಾನು ಓಡಿಸಿದ. ಪ್ರತಿ ಡಿಪೋದ ಉಗ್ರಾಣದಿಂದ ಫೋನು ಮಾಡಿ ಎಷ್ಟು ಸಿಕ್ಕಿತೆಂದು ಹೇಳಿದ. ಅವಳು ಒಂದು ಹಾಳೆಯಲ್ಲಿ ಬರೆದುಕೊಂಡಳು. ಬಂದ ಮಾಲನ್ನು ಕೂಡಲೇ ಪರೀಕ್ಷೆಗೆ ಹಾಕಿಸಿದ. ಶನಿವಾರ ಮಧ್ಯಾಹ್ನದ ಹೊತ್ತಿಗೆ ಇನ್ನೂರು ಜೊತೆ ಪರೀಕ್ಷೆಯಾಗಿ ಒಂದೂ ಕೆಟ್ಟದ್ದು ಸಿಗಲಿಲ್ಲ. ಗುರುವಾರದಿಂದ ಅರೆಬರೆ ಉಣ್ಣುತ್ತಿದ್ದ ಅವಳು ಅವತ್ತು ಎರಡನೇ ಸಲ ಅನ್ನ ಬಡಿಸಿಕೊಂಡಳು.

ಸಂಜೆ ಕೊನೆಯ ಫೋನು. "ಐನೂರ ನಲವತ್ತು ಸಿಕ್ತು ಅಕ್ಕ. ಎಂಬತ್ತು ಜೊತೆ ಆಗಲೇ ಲೈನ್‌ಮನ್‌ಗಳಿಗೆ ಕೊಟ್ಟುಬಿಟ್ಟಿದಾರೆ. ಸೋಮವಾರ ಬೆಳಿಗ್ಗೆ ಹಾಜರಿ ಹಾಕೋ ಹೊತ್ತಿಗೆ ಗೇಟಲ್ಲಿ ನಿಂತು ಒಬ್ಬೊಬ್ಬರ ಹತ್ರಾನೂ ಈಸ್ಕೊಳ್ತೀನಿ."

ಇಲಾಖೆಯ ಎಂಜಿನಿಯರ ಫೋನ್ ನಂಬರು ಅವಳ ಮೇಜಿನ ಗಾಜಿನ ಕೆಳಗೇ ಇತ್ತು. ಅವಳು ಅದನ್ನು ನೋಡಿದಳು. ಇನ್ನೂರರಲ್ಲಿ ಒಂದೂ ಕೆಟ್ಟಿಲ್ಲ, ಎಂಬತ್ತರಲ್ಲಿ ಏನಿದ್ದೀತು, ನಡುವೆ ಇರುವುದು ಒಂದು ಭಾನುವಾರ. ಹೀಗೆಂದುಕೊಂಡು ದೀಪ ಆರಿಸಿ ಮನೆಗೆ ಹೋದಳು.

ಭಾನುವಾರ ಮಧ್ಯಾಹ್ನ ಗಾಳಿ ಎದ್ದಿತು. ಮರ ಉರುಳಿ ಎರಡು ಬೀದಿಯ ತಂತಿ ಹರಿಯಿತು. ರಜೆಯಲ್ಲಿದ್ದ ಲೈನ್‌ಮನ್‌ಗಳನ್ನೂ ಕರೆಸಿಕೊಂಡರು.

ಸೋಮವಾರ ಬೆಳಿಗ್ಗೆ ಅವಳು ಕಚೇರಿಗೆ ಬಂದಾಗ ತಮ್ಮ ಮೆಟ್ಟಿಲ ಮೇಲೆ ಕೂತಿದ್ದ. ಅವನ ಮುಖ ನೋಡಿಯೇ ಅವಳ ಕಾಲು ಮೊದಲ ಮೆಟ್ಟಿಲಲ್ಲಿ ನಿಂತಿತು.

"ಒಬ್ಬ ಲೈನ್‌ಮನ್‌ಗೆ ಕರೆಂಟು ಹೊಡೆದಿದೆ ಅಕ್ಕ. ನಮ್ಮ ಗ್ಲೌಸೇ. ಎಡಗೈಯದರಲ್ಲಿ ತೂತಿತ್ತಂತೆ." ಅವನು ತನ್ನ ಎಡಗೈಯನ್ನೇ ನೋಡುತ್ತ ಹೇಳಿದ. "ಮೊಣಕೈ ಕೆಳಗೆ ತೆಗೆದಿದಾರೆ. ಬಲಗೈಯಲ್ಲಿ ಎರಡು ಬೆರಳು ಉಳಿದಿವೆಯಂತೆ. ಜೀವಕ್ಕೇನೂ ಇಲ್ಲ ಅಂದ್ರು."

ಕೆಳಗೆ ಯಂತ್ರ ಶುರುವಾಯಿತು. ಅವಳು ಅವನನ್ನು ದಾಟಿ ಮೇಲೆ ಹೋಗಿ ಬೀಗ ತೆಗೆದಳು. ಅವನು ಹಿಂದೆಯೇ ಬಂದ. ಅವಳು ಇಲಾಖೆಗೆ ಕಳಿಸುವ ನಮೂನೆ ತೆಗೆದು ಟೈಪು ಮಾಡಲು ಕೂತಳು. ಸಂಸ್ಥೆಯ ಹೆಸರು, ಕರಾರಿನ ಸಂಖ್ಯೆ, ಲೋಪದ ವಿವರ ತುಂಬಿದಳು. ನಾಲ್ಕನೇ ಸಾಲು: ಲೋಪವು ಗಮನಕ್ಕೆ ಬಂದ ದಿನಾಂಕ.

ಅವನು ಅವಳ ಕೈ ಹಿಡಿದುಕೊಂಡ.

"ಇವತ್ತಿನ ತಾರೀಖು ಹಾಕು ಅಕ್ಕ."

ಅವಳು ತಲೆ ಎತ್ತಿದಳು.

"ನೀನು ಗುರುವಾರವೇ ಕಂಡುಹಿಡಿದಿದ್ದು ಗೊತ್ತಿರೋದು ನನಗೊಬ್ಬನಿಗೇ. ಕಾವಲುಗಾರನಿಗೆ ಪುಸ್ತಕ ಯಾಕೆ ತರಿಸಿದ್ರು ಅನ್ನೋದು ಗೊತ್ತಿಲ್ಲ. ಮಾಡಿದೋನು ನಾನು, ಜೈಲಿಗೆ ನಾನು ಹೋಗ್ತೀನಿ. ನೀನು ಇವತ್ತು ತಾಳೆ ನೋಡಿದೆ, ಇವತ್ತು ಕಂಡುಹಿಡಿದೆ, ಇವತ್ತೇ ಬರೆದೆ. ಅಷ್ಟೇ. ನಿನ್ನ ಇಪ್ಪತ್ತೈದು ವರ್ಷ ಯಾಕೆ ಹಾಳು ಮಾಡ್ಕೊಳ್ತೀಯ?"

"ಗುರುವಾರವೇ ಬರೆದಿದ್ರೆ ಅವನ ಕೈ ಇರ್ತಿತ್ತು ಕಣೋ."

"ಬರೀಬೇಡ ಅಂದಿದ್ದು ನಾನು."

"ಬರೀದೆ ಇದ್ದಿದ್ದು ನಾನು."

ಅವನು ಅಳುತ್ತಿದ್ದ. ಅವನು ಅತ್ತದ್ದನ್ನು ಅವಳು ನೋಡಿ ಮೂವತ್ತು ವರ್ಷವಾಗಿತ್ತು. ಅವಳು ನಿಧಾನವಾಗಿ ತನ್ನ ಕೈ ಬಿಡಿಸಿಕೊಂಡು ಗುರುವಾರದ ತಾರೀಖು ಒತ್ತಿದಳು.

ಅವನು ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಂಡ. ಆಮೇಲೆ ಹೇಳಿದ, "ಹುಟ್ಟಿದಾಗಿನಿಂದ ನೀನೇ ನನ್ನ ಕಾಯ್ದೆ. ಒಂದೇ ಒಂದು ಸಲ ನಾನು ನಿನ್ನ ಕಾಯ್ತೀನಿ ಅಂದ್ರೆ ಬಿಡಲಿಲ್ಲ." ಪತ್ರಕ್ಕೆ ಸಹಿ ಹಾಕಿ ಮೆಟ್ಟಿಲಿಳಿದು ಹೋದ.

ಆ ಪತ್ರವನ್ನು ಅವಳು ಅಂಚೆಗೆ ಹಾಕದೆ ಕೈಯಲ್ಲೇ ಒಯ್ದು ಕೊಟ್ಟಳು. ಎಂಜಿನಿಯರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಅವಳನ್ನು ಎಷ್ಟೋ ವರ್ಷದಿಂದ ಬಲ್ಲವರು. ಬೈಯಲಿಲ್ಲ.

"ಗುರುವಾರ ಸಂಜೆ ಒಂದು ಫೋನ್ ಮಾಡಿದ್ರೆ ಅರ್ಧ ಗಂಟೇಲಿ ಎಲ್ಲ ಡಿಪೋಗೂ ಹೇಳಿಸ್ತಿದ್ದೆ ಮೇಡಂ," ಎಂದರು. "ನಿಮ್ಮಿಂದ ಬಂದಿದ್ದು ಅಂದ್ರೆ ನಾನು ಯಾಕೆ ಏನು ಅಂತಾನೂ ಕೇಳ್ತಿರಲಿಲ್ಲ."

ವಾಪಸ್ ಬಂದ ಐನೂರ ನಲವತ್ತು ಜೊತೆಯಲ್ಲಿ ಕೊನೆಗೆ ಕೆಟ್ಟದ್ದು ಸಿಕ್ಕಿದ್ದು ಮೂರು. ಲೈನ್‌ಮನ್‌ಗಳ ಕೈಯಲ್ಲಿದ್ದ ಎಂಬತ್ತರಲ್ಲಿ ಒಂದೇ.

ಹತ್ತು ದಿನ ಬಿಟ್ಟು ಅವಳು ಆಸ್ಪತ್ರೆಗೆ ಹೋದಳು. ಹೋಗಬೇಡಿ, ಕೇಸಿಗೆ ತೊಂದರೆಯಾಗುತ್ತದೆ ಎಂದು ವಕೀಲರು ಹೇಳಿದ್ದರು. ಮೂರನೇ ಮಹಡಿಯ ವಾರ್ಡಿನ ಕೊನೆಯ ಮಂಚ. ಮೂವತ್ತೈದರ ಆಸುಪಾಸಿನ ಗಂಡಸು, ಎರಡೂ ತೋಳಿಗೆ ಬಿಳಿ ಬಟ್ಟೆ. ಎಡದ್ದು ಬೇಗ ಮುಗಿದುಹೋಗಿತ್ತು. ಪಕ್ಕದಲ್ಲಿ ಕೂತ ಹೆಂಡತಿ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಳು. ಇವಳು ಮಂಚದ ತುದಿಯಲ್ಲಿ ನಿಂತುಕೊಂಡೇ ತಾನು ಯಾರು, ಗುರುವಾರ ಏನಾಯಿತು, ಭಾನುವಾರದವರೆಗೆ ಯಾಕೆ ಸುಮ್ಮನಿದ್ದೆ ಎಲ್ಲವನ್ನೂ ಹೇಳಿದಳು. ಯಾವುದನ್ನೂ ನಯಗೊಳಿಸಲಿಲ್ಲ.

ಲೈನ್‌ಮನ್ ಚಾವಣಿಯನ್ನು ನೋಡುತ್ತ ಕೇಳಿಸಿಕೊಂಡ. ಆಮೇಲೆ, ಬೇರೆ ಯಾರದೋ ವಿಷಯ ಎನ್ನುವ ಹಾಗೆ ಹೇಳಿದ.

"ಆ ಗ್ಲೌಸು ಚೆನ್ನಾಗಿತ್ತು ಅಮ್ಮ. ನಮಗೆ ಮೊದಲು ಕೊಡ್ತಿದ್ದಿದ್ದು ಮರದ ಹಾಗೆ ಗಟ್ಟಿ, ಬೆರಳೇ ಬಗ್ಗುತ್ತಿರಲಿಲ್ಲ. ಇದು ಮೆತ್ತಗಿತ್ತು. ಉಗ್ರಾಣದವನಿಗೆ ದುಂಬಾಲು ಬಿದ್ದು ಶುಕ್ರವಾರ ಬೆಳಿಗ್ಗೆ ಈಸ್ಕೊಂಡಿದ್ದೆ."

ಶುಕ್ರವಾರ ಬೆಳಿಗ್ಗೆ. ಗುರುವಾರ ಸಂಜೆಯ ಫೋನು ಅದಕ್ಕೆ ಮೊದಲೇ ತಲುಪಿರುತ್ತಿತ್ತು.

ಹೆಂಡತಿ ಚಮಚ ಬಟ್ಟಲಿಗೆ ಹಾಕಿ ಅವಳ ಕಡೆ ತಿರುಗಿದಳು. ದನಿ ಏರಿಸಲಿಲ್ಲ.

"ತಮ್ಮ ಅಂತ ಬಿಟ್ರಿ ಅಲ್ವಾ?"

"ಹೌದಮ್ಮ."

"ಇವರಿಗೂ ಒಬ್ಬಳು ಅಕ್ಕ ಇದಾರೆ. ಸಾಕಿದ್ದೂ ಅವರೇ. ಬೆಳಿಗ್ಗೆ ಬಂದು ನೋಡಿ, ಒಂದು ಮಾತೂ ಆಡದೆ ಹೊರಗೆ ಹೋಗಿ ಕೂತಿದಾರೆ. ನೀವು ಈಗ ಆ ಕಡೆಯಿಂದಲೇ ದಾಟಿಕೊಂಡು ಬಂದಿರಬೇಕು."

ಬರುವಾಗ ಮೊಗಸಾಲೆಯ ಬೆಂಚಿನಲ್ಲಿ ಒಬ್ಬ ಹೆಂಗಸು ಮಡಿಲಲ್ಲಿ ಕೈ ಜೋಡಿಸಿಕೊಂಡು ಕೂತದ್ದನ್ನು ಅವಳು ನೋಡಿದ್ದಳು. ತನ್ನದೇ ವಯಸ್ಸು. ಹಿಂತಿರುಗುವಾಗ ಆ ಬೆಂಚಿನ ಎದುರಿಗೆ ಬಂದು ನಿಂತಳು. ಆ ಹೆಂಗಸು, ಇವಳೂ ಯಾರೋ ರೋಗಿಯ ಕಡೆಯವಳು ಎಂದುಕೊಂಡು, ಬೆಂಚಿನಲ್ಲಿ ಸರಿದು ಜಾಗ ಮಾಡಿಕೊಟ್ಟಳು. ಇವಳು ಕೂರಲಾರದೆ, ನಿಲ್ಲಲಾರದೆ ಮೆಟ್ಟಿಲ ಕಡೆ ನಡೆದಳು. ಮೂರು ಮಹಡಿಯನ್ನೂ ಇಳಿದಳು.

ಉಳಿದದ್ದೆಲ್ಲ ಕಾಗದದ ಕೆಲಸ, ಹೇಗೆ ಆಗಬೇಕೋ ಹಾಗೇ ಆಯಿತು. ತಮ್ಮನ ಕಾರ್ಖಾನೆಯನ್ನು ಕಪ್ಪುಪಟ್ಟಿಗೆ ಸೇರಿಸಿದರು. ಮೂವತ್ತೆಂಟು ಜನ ಅಲ್ಲಿ ಇಲ್ಲಿ ಕೆಲಸ ಹುಡುಕಿಕೊಂಡರು, ಕೆಲವರಿಗೆ ಸಿಗಲಿಲ್ಲ. ನ್ಯಾಯಾಲಯದಲ್ಲಿ ಅವಳು ಗುರುವಾರದ ಮಾತನ್ನು ಇದ್ದದ್ದು ಇದ್ದ ಹಾಗೆ ಹೇಳಿದಳು. ಅಕ್ಕ ಕಂಡುಹಿಡಿದ ಮೇಲೂ ನಾಲ್ಕು ದಿನ ಮುಚ್ಚಿಟ್ಟದ್ದು ಆರೋಪಿಯ ತಪ್ಪನ್ನು ಹೆಚ್ಚಿಸುತ್ತದೆ ಎಂದು ನ್ಯಾಯಾಧೀಶರು ತೀರ್ಪಿನಲ್ಲಿ ಬರೆದರು. ಅವನಿಗೆ ಮೂರು ವರ್ಷವಾಯಿತು. ಅವಳ ನೋಂದಣಿಯನ್ನು ರದ್ದು ಮಾಡಿದರು. ಅದಕ್ಕೆ ಮೊದಲೇ ಅವಳು ಬೀರುಗಳನ್ನು ಖಾಲಿ ಮಾಡಿ, ಅವರವರ ಕಡತವನ್ನು ಅವರವರ ಮನೆ ಬಾಗಿಲಿಗೇ ತಲುಪಿಸಿದ್ದಳು. ಹಾಸಿಗೆ ಬಟ್ಟೆಯ ಮಾಲೀಕ ಮಾತ್ರ ಒಳಗೆ ಕರೆದ. "ನೀವೇ ಹೀಗಾದ್ರೆ ನಮ್ಮನ್ನ ಯಾರು ಬೈತಾರೆ ಅಕ್ಕಾವ್ರೆ?" ಎಂದ. ಅವಳಿಗೆ ನಗು ಬರಲಿಲ್ಲ, ಅವನಿಗೂ ಬರಲಿಲ್ಲ.

ಜೈಲಿಗೆ ಪ್ರತಿ ತಿಂಗಳು ಹೋದಳು. ಕಾವಲಿನವನು ಒಳಗೆ ಹೋಗಿ ಬಂದು, "ಬರಲ್ಲ ಅಂತಾರೆ," ಎನ್ನುತ್ತಿದ್ದ. ತಮ್ಮನ ಹೆಂಡತಿ ತನ್ನ ಸರದಿಯಲ್ಲಿ ಹೋಗಿ ಬಂದು, "ಚೆನ್ನಾಗಿದಾರೆ ಅತ್ತಿಗೆ, ಒಳಗೆ ಹೊಲಿಗೆ ಕೆಲಸ ಕೊಟ್ಟಿದಾರೆ," ಎಂದಷ್ಟೇ ತಿಳಿಸುತ್ತಿದ್ದಳು. ಈಗ ಅವಳ ಮಾತಿನಲ್ಲಿ ತಮಾಷೆ ಇರಲಿಲ್ಲ.

ಏಳನೇ ತಿಂಗಳು ಅವನು ಬಂದ. ನಡುವೆ ಜಾಲರಿ. ತೆಳ್ಳಗಾಗಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು.

"ಊಟ ಮಾಡ್ತಿದ್ದೀಯ ತಾನೆ?" ಎಂದು ಅವನೇ ಮೊದಲು ಕೇಳಿದ.

"ಮಾಡ್ತೀನಿ. ನೀನು?"

"ಇಲ್ಲಿ ಹೊತ್ತು ಹೊತ್ತಿಗೆ ಕೊಡ್ತಾರೆ." ಜಾಲರಿಯ ಹತ್ತಿರ ಬಾಗಿ, "ಆ ಮನುಷ್ಯ ಹೇಗಿದಾನೆ?" ಎಂದ.

"ಡಿಪೋದಲ್ಲೇ ಬಾಗಿಲು ಕಾಯೋ ಕೆಲಸ ಕೊಟ್ಟಿದಾರೆ. ಎಡಗೈಗೆ ಕೃತಕ ಕೈ ಹಾಕಿದಾರೆ. ಅಂಗಿ ಗುಂಡಿ ಹಾಕಿಕೊಳ್ಳೋದು ಇನ್ನೂ ಹೆಂಡತಿಯೇ."

ಅವನು ತಲೆಯಾಡಿಸಿದ.

"ಇನ್ನು ಬರಬೇಡ ಅಕ್ಕ. ಕೋಪ ಇಲ್ಲ ನನಗೆ. ಮೊದಲು ಇತ್ತು, ಈಗಿಲ್ಲ. ಆದ್ರೆ ನಿನ್ನ ಮುಖ ನೋಡಿದ್ರೆ ನಾನು ಆವತ್ತು ಕುರ್ಚೀಲಿ ಕೂತು ಕೇಳಿದ್ದೇ ಕಣ್ಣಿಗೆ ಕಟ್ಟುತ್ತೆ. ನಾನು ಕೇಳದೆ ಇದ್ರೆ ನೀನು ಕೊಡ್ತಿರಲಿಲ್ಲ. ನಿನಗೂ ಹಾಗೇ ಅಲ್ವಾ? ನನ್ನ ನೋಡಿದ್ರೆ ನಿನಗೂ ಅದೇ ತಾನೆ ನೆನಪಾಗೋದು?"

ಇಲ್ಲ ಎನ್ನಬಹುದಿತ್ತು. ಬಾಯಿಬಿಟ್ಟು ಸುಳ್ಳಾಡಬೇಕಾಗಿಯೂ ಇರಲಿಲ್ಲ, ತಲೆ ಅಲ್ಲಾಡಿಸಿದ್ದರೆ ಸಾಕಿತ್ತು. ಅವಳು ಜಾಲರಿಯ ಮೇಲೆ ಅಂಗೈ ಇಟ್ಟಳು.

"ಹೌದು," ಎಂದಳು.

ಅವನು ಆ ಕಡೆಯಿಂದ ಕೈ ಇಡಲು ಎತ್ತಿದವನು ಹಾಗೆಯೇ ಇಳಿಸಿ, ಎದ್ದು ಒಳಗೆ ಹೋದ.

ಅವಳು ಮತ್ತೆ ಹೋಗಲಿಲ್ಲ. ಬಿಡುಗಡೆಯಾಗುವ ದಿನವನ್ನು ಮಾತ್ರ ತಮ್ಮನ ಹೆಂಡತಿಯಿಂದ ಕೇಳಿ ತಿಳಿದುಕೊಂಡಿದ್ದಳು. ಆ ಬೆಳಿಗ್ಗೆ ಜೈಲಿನ ಎದುರು ಬೀದಿಯಲ್ಲಿ, ಮುಚ್ಚಿದ ಒಂದು ಅಂಗಡಿಯ ಸೂರಿನಡಿ ನಿಂತಳು. ಗೇಟಿನ ಸಣ್ಣ ಬಾಗಿಲು ತೆರೆದು ಅವನು ಹೊರಬಂದ. ಹೆಂಡತಿ ಹತ್ತಿರ ಹೋಗಿ ಅವನ ಕೈಯಿಂದ ಗಂಟು ತೆಗೆದುಕೊಂಡಳು. ಅವನು ಹೊಸ ಅಂಗಿ ಹಾಕಿದ್ದ. ನೀಲಿ ಗೆರೆಯದು. ಅಳತೆಗೆ ದೊಡ್ಡದಾಗಿ ಭುಜದಿಂದ ಜೋತುಬಿದ್ದಿತ್ತು.

ಬಸ್ಸು ಬರುವವರೆಗೆ ಇಬ್ಬರೂ ಕಂಬದ ಪಕ್ಕ ನಿಂತಿದ್ದರು. ಅವನು ಎರಡು ಸಲ ಬೀದಿಯ ಆಚೆ ಈಚೆ ಕಣ್ಣಾಡಿಸಿದ. ಅವಳು ಸೂರಿನಿಂದ ಒಂದು ಹೆಜ್ಜೆ ಮುಂದೆ ಬಂದಳು, ಮತ್ತೆ ಹಿಂದೆ ಸರಿದಳು. ಅವನಿಗೆ ಕಂಡಳೋ ಇಲ್ಲವೋ ಅವಳಿಗೆ ಕೊನೆಗೂ ತಿಳಿಯಲಿಲ್ಲ. ಬಸ್ಸು ಬಂತು. ಹೆಂಡತಿ ಮೊದಲು ಹತ್ತಿದಳು, ಅವನು ಆಮೇಲೆ ಹತ್ತಿದ. ಬಸ್ಸು ತಿರುವು ದಾಟಿ ಹೋಗುವವರೆಗೆ ನಿಂತಿದ್ದು, ಅವಳು ನಡೆದುಕೊಂಡೇ ಮನೆಗೆ ಬಂದಳು.